ಶಕ್ತಿ ಮೀರಿ ದುಡಿಯೋದಕ್ಕೆ ಇಂಗ್ಲಿಷಿನಲ್ಲಿ ಎಷ್ಟೊಂದು ಮಾತು! ಯಾವುದನ್ನು ಎಲ್ಲಿ ಹೇಳಬೇಕು?

ಗುಬ್ಬಿ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಗುಬ್ಬಿ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಎಲ್ಲರೂ ಕನ್ನಡ ಮೀಡಿಯಂ ಮಕ್ಕಳು. ವ್ಯಾಕರಣ ಅಂದರೆ ಮುಖ ಸಪ್ಪೆ ಮಾಡುವ ಹುಡುಗರೂ ನುಡಿಗಟ್ಟು ಅಂದ ಕೂಡಲೇ ಮುಂದಿನ ಬೆಂಚಿಗೆ ಬಂದು ಕೂರುತ್ತಾರೆ.

ಈ ವಾರ ‘ತುಂಬಾ ಪ್ರಯತ್ನ ಮಾಡು’ ಅನ್ನುವ ಅರ್ಥದವನ್ನೆಲ್ಲ ಬೋರ್ಡಿನ ಮೇಲೆ ಬರೆದೆ. ಪುಲ್ ಔಟ್ ಆಲ್ ದ ಸ್ಟಾಪ್ಸ್. ಲೀವ್ ನೋ ಸ್ಟೋನ್ ಅನ್‌ಟರ್ನ್ಡ್. ಮೂವ್ ಹೆವನ್ ಅಂಡ್ ಅರ್ತ್. ಗೋ ದಿ ಎಕ್ಸ್‌ಟ್ರಾ ಮೈಲ್. ಬರ್ನ್ ದ ಮಿಡ್‌ನೈಟ್ ಆಯಿಲ್. ಗೋ ಫಾರ್ ಬ್ರೋಕ್. ಮಕ್ಕಳ ಹತ್ತಿರ ಇರುವ ಗೈಡಿನಲ್ಲಿ ಇವಕ್ಕೆಲ್ಲ ಒಂದೇ ಅರ್ಥ ಕೊಟ್ಟಿದ್ದಾರೆ: ‘ಶಕ್ತಿ ಮೀರಿ ಪ್ರಯತ್ನಿಸು’.

ಒಬ್ಬ ಹುಡುಗಿ ಎದ್ದು ಕೇಳಿದಳು: ‘ಮಿಸ್, ಎಲ್ಲದಕ್ಕೂ ಒಂದೇ ಅರ್ಥ ಆದರೆ ಒಂದು ಕಲಿತರೆ ಸಾಕಲ್ವಾ? ಆರು ಯಾಕೆ?’ ಅವಳ ಹಿಂದಿನ ಬೆಂಚಿನಿಂದ ಇನ್ನೊಂದು ಪ್ರಶ್ನೆ ಬಂತು: ‘ಸ್ಟಾಪ್ ಅಂದರೆ ನಿಲ್ಲಿಸು ತಾನೇ ಮಿಸ್? ಎಲ್ಲಾ ಸ್ಟಾಪ್ ಕಿತ್ತು ಹಾಕಿದರೆ ಬಸ್ಸು ಎಲ್ಲಿ ನಿಲ್ಲುತ್ತದೆ?’

ಎರಡೂ ಒಳ್ಳೆಯ ಪ್ರಶ್ನೆಗಳು. ಸುಮ್ನೆ ಬಾಯಿಪಾಠ ಮಾಡಿ ಅನ್ನುವುದಕ್ಕೆ ನನಗೆ ಮನಸ್ಸಿಲ್ಲ. ಇವು ಎಲ್ಲಿಂದ ಬಂದವು? ಒಂದನ್ನು ಹೇಳುವ ಕಡೆ ಇನ್ನೊಂದನ್ನು ಹೇಳಿದರೆ ನಡೆಯುತ್ತದಾ? ನಮ್ಮ ಟೊಂಕ ಕಟ್ಟುವುದು, ಹರಸಾಹಸ, ಭಗೀರಥ ಪ್ರಯತ್ನ, ಇವನ್ನು ಪಕ್ಕದಲ್ಲಿ ಬರೆದು ಹೇಳಿಕೊಟ್ಟರೆ ಸರಿ ಹೋಗುತ್ತದಾ? ತಿಳಿದವರು ದಯವಿಟ್ಟು ಹೇಳಿ. ಸೋಮವಾರ ಅದೇ ಕ್ಲಾಸು ಇದೆ.

ಮೊಳಕಾಲ್ಮೂರು ಮಗ್ಗ

ಟೀಚರ್, ಪಟ್ಟಿಯಲ್ಲಿ ‘ಹೋಲ್ ನೈನ್ ಯಾರ್ಡ್ಸ್’ ಬಿಟ್ಟುಹೋಗಿದೆ. ಏನೂ ಉಳಿಸದೆ ಪೂರ್ತಿ ಅನ್ನುವ ಅರ್ಥ ಅದಕ್ಕೆ. ಒಂಬತ್ತು ಗಜ ಅಂದರೆ ಹದಿನೆಂಟು ಮೊಳ. ಕಚ್ಚೆ ಹಾಕಿ ಉಡುವ ಸೀರೆಯ ಉದ್ದ ಕರೆಕ್ಟಾಗಿ ಅದೇ. ನಮ್ಮ ಸೀರೆಯಿಂದಲೇ ಈ ಮಾತು ಇಂಗ್ಲಿಷಿಗೆ ಹೋಯಿತು ಅಂತ ವಾಟ್ಸಾಪಿನಲ್ಲಿ ಬಂದಿತ್ತು. ನಿಜವಾ? ನಾವು ನೇಯುವವರು, ನಿಜ ಆದರೆ ನಮಗೆ ಖುಷಿ.

ತಿಪಟೂರು ಮೇಷ್ಟ್ರು

ಟೀಚರಮ್ಮಾ, ಆ ಇಬ್ಬರು ಮಕ್ಕಳಿಗೂ ನನ್ನ ಶಹಬ್ಬಾಸ್ ತಿಳಿಸಿ. ನಾನು ಇಂಗ್ಲಿಷ್ ಮೇಷ್ಟ್ರಾಗಿದ್ದು ರಿಟೈರ್ ಆದವನು. ಈಗ ಹಳ್ಳಿ ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತೇನೆ. ಅದಕ್ಕೇ ಸ್ಟಾಪ್ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ, ಅದು ನನ್ನ ಕೈಯಡಿಯ ವಿಷಯ.

ಅದು ಬಸ್ ಸ್ಟಾಪ್ ಅಲ್ಲ. ಚರ್ಚುಗಳಲ್ಲಿ ಇರುವ ದೊಡ್ಡ ಪೈಪ್ ಆರ್ಗನ್ನಿನ ಸ್ಟಾಪ್. ಆರ್ಗನ್ನಿನಲ್ಲಿ ಕೊಳವೆಗಳ ಸಾಲು ಸಾಲೇ ಇರುತ್ತದೆ. ಒಂದೊಂದು ಸಾಲಿಗೂ ಒಂದೊಂದು ಬಗೆಯ ದನಿ. ಯಾವ ಸಾಲಿಗೆ ಗಾಳಿ ಬಿಡಬೇಕು, ಯಾವುದಕ್ಕೆ ಬೇಡ ಅನ್ನುವುದಕ್ಕೆ ನುಡಿಸುವವನ ಎಡಕ್ಕೂ ಬಲಕ್ಕೂ ಗುಂಡಿಗಳು ಇರುತ್ತವೆ. ಗುಂಡಿ ಒಳಗೆ ಇದ್ದರೆ ಆ ಸಾಲಿಗೆ ಗಾಳಿ ಬಂದ್. ಹೊರಗೆ ಎಳೆದರೆ ದಾರಿ ಬಿಟ್ಟಂತೆ. ಎಲ್ಲ ಗುಂಡಿಗಳನ್ನೂ ಎಳೆದರೆ ಆ ವಾದ್ಯದಲ್ಲಿ ಇರುವಷ್ಟು ದನಿಯೂ ಒಟ್ಟಿಗೆ ಹೊರಗೆ ಬರುತ್ತದೆ. ತಡೆಯುವುದರಿಂದ ಅದಕ್ಕೆ ಸ್ಟಾಪ್ ಅಂತ ಹೆಸರು. ನಿಮ್ಮ ಹುಡುಗನ ಊಹೆ ಅರ್ಧ ಸರಿಯಾಗಿಯೇ ಇದೆ.

ಮಕ್ಕಳು ಆರ್ಗನ್ ನೋಡಿರಲಿಕ್ಕಿಲ್ಲ. ಆದರೆ ಗುಬ್ಬಿ ವೀರಣ್ಣನವರ ಊರಿನ ಸೀಮೆಯಲ್ಲಿ ಲೆಗ್ ಹಾರ್ಮೋನಿಯಂ ನೋಡದ ಮಕ್ಕಳು ಇರುತ್ತಾರಾ? ಹಬ್ಬದಲ್ಲಿ, ಜಾತ್ರೆಯಲ್ಲಿ ಕುರುಕ್ಷೇತ್ರ ಆಡುವಾಗ ಸ್ಟೇಜಿನ ಮುಂದೆ ಇರುತ್ತದಲ್ಲ, ಅದೇ. ಹಾರ್ಮೋನಿಯಂ ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ, 1840ರ ದಶಕದ ಆರಂಭದಲ್ಲಿ. ದೊಡ್ಡ ಆರ್ಗನ್ ಕೊಳ್ಳುವ ಶಕ್ತಿ ಇಲ್ಲದ ಸಣ್ಣ ಚರ್ಚುಗಳೂ ಅದನ್ನು ಇಟ್ಟುಕೊಂಡವು. ಕೊಳವೆಯ ಬದಲು ಹಿತ್ತಾಳೆಯ ರೀಡು, ಅಂದರೆ ಗಾಳಿಗೆ ಅದುರಿ ದನಿ ಕೊಡುವ ತೆಳು ಪಟ್ಟಿ. ಸ್ಟಾಪ್ ಮಾತ್ರ ಹಾಗೇ ಉಳಿಯಿತು. ಈಗಲೂ ನನ್ನ ಪೆಟ್ಟಿಗೆಯ ಹಲಗೆಯಲ್ಲಿ ಗುಂಡಿಗಳ ಸಾಲು ಇದೆ. ಒಂದು ಎಳೆದರೆ ಬಾಸ್ ರೀಡಿಗೆ ಗಾಳಿ, ಇನ್ನೊಂದು ಎಳೆದರೆ ಮೇಲ್ ರೀಡಿಗೆ, ಮತ್ತೊಂದು ಎಳೆದರೆ ಫೀಮೇಲ್ ರೀಡಿಗೆ.

ಕುಂತಿ ಕರ್ಣನ ಹತ್ತಿರ ಬಂದು ಅಳುವಾಗ ಒಂದೇ ಸಾಲು ರೀಡು ಸಾಕು. ಜಾಸ್ತಿ ಬಿಟ್ಟರೆ ಪಾತ್ರಧಾರಿಯ ದನಿ ಮುಳುಗಿಹೋಗುತ್ತದೆ. ಭೀಮ ಗದೆ ಎತ್ತಿಕೊಂಡು ಕಂದಪದ್ಯವನ್ನು ಮೇಲಿನ ಸ್ಥಾಯಿಗೆ ಒಯ್ದನೋ, ಆಗ ಎಡಗೈಯಲ್ಲಿ ಟಕಟಕ ಅಂತ ಎಲ್ಲಾ ಗುಂಡಿ ಎಳೆಯುತ್ತೇನೆ. ಪೆಟ್ಟಿಗೆ ಪೂರ್ತಿ ನಡುಗುತ್ತದೆ. ಹಿಂದೆ ಚಾಪೆಯ ಮೇಲೆ ತೂಕಡಿಸುತ್ತಿದ್ದವರೆಲ್ಲ ಎದ್ದು ಕೂರುತ್ತಾರೆ. ಆದರೆ ಕಾಲಿಗೆ ಕೆಲಸ ಬೀಳುತ್ತದೆ. ಅಷ್ಟೂ ಸಾಲಿಗೆ ಗಾಳಿ ಒದಗಿಸಬೇಕಲ್ಲ, ತಿದಿಯನ್ನು ಬೇಗ ಬೇಗ ತುಳಿಯಬೇಕು. ಮೀನಖಂಡ ಹಿಡಿದುಕೊಳ್ಳುತ್ತದೆ. ಬೆಳಗಿನ ಜಾವದ ತನಕ ಹಾಗೇ ನುಡಿಸುತ್ತೇನೆ ಅಂದರೆ ಯಾರ ಕೈಯಲ್ಲೂ ಆಗುವುದಿಲ್ಲ.

‘ಪುಲ್ ಔಟ್ ಆಲ್ ದ ಸ್ಟಾಪ್ಸ್’ ಮಾತಿನ ಬಳಕೆಯೂ ಹೀಗೇ. ದಿನದಿನದ ದುಡಿಮೆಗೆ ಅದನ್ನು ಹೇಳುವುದಿಲ್ಲ. ಒಂದು ಸಂದರ್ಭ ಬಂದಿದೆ, ನಮ್ಮ ಹತ್ತಿರ ಇರುವುದನ್ನೆಲ್ಲ ಹೊರಗೆ ತೆಗೆದಿದ್ದೇವೆ ಅನ್ನುವಾಗ ಹೇಳುತ್ತಾರೆ. ಮಗಳ ಮದುವೆ, ಊರ ಹಬ್ಬ, ಶಾಲೆಗೆ ನೂರು ವರ್ಷ ತುಂಬಿದ ಸಮಾರಂಭ, ಇಂಥವಕ್ಕೆ ಸರಿ. 1865ರಲ್ಲಿ ಮ್ಯಾಥ್ಯೂ ಆರ್ನಲ್ಡ್ ಅನ್ನುವ ಇಂಗ್ಲಿಷ್ ಲೇಖಕ ಈ ಗುಂಡಿಗಳನ್ನು ಮನುಷ್ಯರಿಗೆ ಅನ್ವಯಿಸಿ ಬರೆದಿದ್ದಾನೆ. ತನ್ನ ಕಾಲದ ಇಂಗ್ಲಿಷ್ ಜನರ ದನಿ ಕಿರಿದಾಗಿದೆ, ಇನ್ನೂ ಕೆಲವು ಸ್ಟಾಪ್ ಎಳೆಯಲು ನೋಡಿದೆ ಅನ್ನುವ ಅರ್ಥದಲ್ಲಿ. ಕೆಲವು ಅಂದಿದ್ದಾನೆ, ಎಲ್ಲ ಅಂದಿಲ್ಲ. ‘ಎಲ್ಲ’ ಸೇರಿದ್ದು ಆಮೇಲೆ.

ಈಗ ಕಲ್ಲಿನ ಮಾತು. ‘ಲೀವ್ ನೋ ಸ್ಟೋನ್ ಅನ್‌ಟರ್ನ್ಡ್’ ಇದೆಯಲ್ಲ, ಅದು ಹುಡುಕಾಟದ ಮಾತು. ಬಲದ ಮಾತಲ್ಲ. ಗ್ರೀಕರ ಹಳೆಯ ಕಥೆ ಹೀಗಿದೆ. ಕ್ರಿಸ್ತಪೂರ್ವ 479ರಲ್ಲಿ ಪ್ಲಾಟಿಯಾದಲ್ಲಿ ಗ್ರೀಕರಿಗೂ ಪರ್ಷಿಯದವರಿಗೂ ಯುದ್ಧ ಆಯಿತು. ಪರ್ಷಿಯದ ಸೇನಾಪತಿ ಮಾರ್ಡೋನಿಯಸ್ ಸತ್ತ. ಅವನು ನಿಧಿ ಬಚ್ಚಿಟ್ಟು ಹೋಗಿದ್ದಾನೆ ಅಂತ ಸುದ್ದಿ ಹಬ್ಬಿತು. ಥೀಬ್ಸ್ ಊರಿನ ಪಾಲಿಕ್ರಟೀಸ್ ಅನ್ನುವವನು ಹುಡುಕಿ ಹುಡುಕಿ ಸಾಕಾಗಿ ಡೆಲ್ಫಿಯ ದೇವಸ್ಥಾನಕ್ಕೆ ಹೋಗಿ ಕಣಿ ಕೇಳಿದ. ‘ಒಂದೊಂದು ಕಲ್ಲನ್ನೂ ಸರಿಸು’ ಅಂತ ಕಣಿಯಾಯಿತು. ಸರಿಸಿದ. ಸಿಕ್ಕಿತು.

ಕಳೆದುಹೋದ ಮಗುವನ್ನು ಪೊಲೀಸರು ಹುಡುಕುವಾಗ ಈ ಮಾತು ಸರಿ. ಕಾಯಿಲೆಗೆ ಕಾರಣ ಏನು ಅಂತ ಡಾಕ್ಟರು ಒಂದೊಂದೇ ಪರೀಕ್ಷೆ ಮಾಡಿಸುವಾಗ ಸರಿ. ಆದರೆ ನಮ್ಮ ದೇಶದ ಕೆಲಸದ ಅರ್ಜಿಗಳಲ್ಲಿ ‘ಮೇಲಧಿಕಾರಿಗಳ ತೃಪ್ತಿಗಾಗಿ ಯಾವ ಕಲ್ಲನ್ನೂ ಮಗುಚದೆ ಬಿಡುವುದಿಲ್ಲ’ ಅಂತ ಬರೆಯುವ ಚಾಳಿ ಬಂದುಬಿಟ್ಟಿದೆ. ಮೇಲಧಿಕಾರಿಯ ತೃಪ್ತಿ ಕಲ್ಲಿನ ಅಡಿಯಲ್ಲಿ ಸಿಗುವ ವಸ್ತುವಲ್ಲ. ಮಕ್ಕಳಿಗೆ ಈ ಸಾಲನ್ನು ದಯವಿಟ್ಟು ಕಲಿಸಬೇಡಿ. ಓದುವವರಿಗೆ ಅದು ಎರವಲು ಮಾತು ಅಂತ ಕೂಡಲೇ ಗೊತ್ತಾಗುತ್ತದೆ.

ನಡುರಾತ್ರಿಯ ಎಣ್ಣೆಗೆ ವಿವರಣೆ ಬೇಡ. 1635ರಲ್ಲಿ ಫ್ರಾನ್ಸಿಸ್ ಕ್ವಾರ್ಲ್ಸ್ ಅನ್ನುವ ಕವಿ ನಡುಹಗಲಿನ ಬೆವರನ್ನೂ ನಡುರಾತ್ರಿಯ ಎಣ್ಣೆಯನ್ನೂ ಜೊತೆಗಿಟ್ಟು ಬರೆದ. ನಿದ್ದೆಗೆಟ್ಟು ಓದುವ, ಬರೆಯುವ, ಲೆಕ್ಕ ನೋಡುವ ಕೆಲಸಕ್ಕೆ ಮಾತ್ರ ಇದು. ಹಗಲೆಲ್ಲ ಕಬ್ಬು ಕಡಿದವನಿಗೆ ಹೇಳುವಂತಿಲ್ಲ.

‘ಮೂವ್ ಹೆವನ್ ಅಂಡ್ ಅರ್ತ್’ ಹೇಳುವಾಗ ಸ್ವಲ್ಪ ಹುಷಾರು. ಯಾರೋ ನಮಗೆ ತುಂಬಾ ಬೇಕಾದವರು, ನಡುವೆ ದೊಡ್ಡ ಅಡ್ಡಿ ಇದೆ, ಏನಾದರೂ ಸರಿ ಮಾಡಿಯೇ ತೀರುತ್ತೇನೆ ಅನ್ನುವಾಗ ಇದು ಬಾಯಿಗೆ ಬರುತ್ತದೆ. ತಾಯಿ ಮಗುವಿನ ಆಪರೇಷನ್ನಿಗೆ ದುಡ್ಡು ಹೊಂದಿಸಲು ಅಲೆಯುತ್ತಾಳಲ್ಲ, ಅಲ್ಲಿ. ಇದರ ಪಕ್ಕದಲ್ಲಿ ನಮ್ಮ ‘ಭೂಮಿ ಆಕಾಶ ಒಂದು ಮಾಡು’ ಬರೆದುಬಿಡಬೇಡಿ. ನೋಡಲು ಒಂದೇ ಥರ ಇದೆ. ಆದರೆ ನಮ್ಮ ಕಡೆ ಅದು ಹೆಚ್ಚಾಗಿ ರಂಪದ ಮಾತು. ಬಳಪ ಕಿತ್ತುಕೊಂಡರು ಅಂತ ಮಗು ಅತ್ತು ಅತ್ತು ಭೂಮಿ ಆಕಾಶ ಒಂದು ಮಾಡುತ್ತದೆ.

ನಮ್ಮ ಮಾತುಗಳಿಗೂ ಹೀಗೇ ಒಂದೊಂದಕ್ಕೆ ಒಂದೊಂದು ಜಾಗ ಇದೆ, ಅದನ್ನೇ ಮಕ್ಕಳಿಗೆ ಮೊದಲು ತೋರಿಸಿ. ಟೊಂಕ ಕಟ್ಟುವುದು ಕೆಲಸಕ್ಕೆ ಇಳಿಯುವ ಮುಂಚೆ. ಪಂಚೆ ಸೆರಗು ಬಿಗಿದುಕೊಂಡು ನಿಲ್ಲುವ ಹೊತ್ತು ಅದು. ಇಂಗ್ಲಿಷ್ ಬೈಬಲಿನ ‘ಗರ್ಡ್ ಅಪ್ ಯುವರ್ ಲಾಯಿನ್ಸ್’ ಇದಕ್ಕೆ ನೇರ ಜೋಡಿ. ಅವರದ್ದೂ ಉದ್ದ ನಿಲುವಂಗಿ ಅಲ್ವಾ, ಓಡಬೇಕಾದರೆ ಸೊಂಟಕ್ಕೆ ಸಿಕ್ಕಿಸಲೇಬೇಕು. ಹರಸಾಹಸ ಅಂದರೆ ಕೆಲಸದ ಮಧ್ಯೆ ಒದ್ದಾಡುತ್ತಿರುವ ಸ್ಥಿತಿ. ಗೆಲುವು ಗ್ಯಾರಂಟಿ ಇಲ್ಲ. ಪೇಪರಿನವರು ‘ಬೆಂಕಿ ನಂದಿಸಲು ಹರಸಾಹಸ’ ಅಂತ ಬರೆಯುವುದು ಅದಕ್ಕೇ. ಭಗೀರಥ ಪ್ರಯತ್ನಕ್ಕೆ ತಲೆಮಾರುಗಳ ಭಾರ ಇದೆ. ಅಂಶುಮಂತನ ಕೈಯಲ್ಲಿ ಆಗಲಿಲ್ಲ, ದಿಲೀಪನ ಕೈಯಲ್ಲಿ ಆಗಲಿಲ್ಲ, ಭಗೀರಥ ಗಂಗೆಯನ್ನು ತಂದ. ಒಂದು ರಾತ್ರಿ ಓದಿ ಪರೀಕ್ಷೆ ಬರೆದದ್ದಕ್ಕೆ ಆ ಹೆಸರು ಹೇಳಬಾರದು.

ಕೊನೆಗೆ ಮೊಳಕಾಲ್ಮೂರಿನ ತಮ್ಮನಿಗೆ. ಲೆಕ್ಕ ನೀವು ಹೇಳಿದ್ದು ಸರಿ, ಮೊಳ ಅಂದರೆ ಒಂದೂವರೆ ಅಡಿ, ಹದಿನೆಂಟು ಮೊಳಕ್ಕೆ ಒಂಬತ್ತು ಗಜವೇ ಆಗುತ್ತದೆ. ಆದರೆ ಆ ಮಾತು ಅಮೆರಿಕದ ಹಳ್ಳಿ ಪೇಪರುಗಳಲ್ಲಿ ಹುಟ್ಟಿದ್ದು. 1907ರಲ್ಲಿ ಇಂಡಿಯಾನಾ ರಾಜ್ಯದ ಒಂದು ಪೇಪರು ಬೇಸ್‌ಬಾಲ್ ಆಟದ ಸುದ್ದಿಯಲ್ಲಿ ‘ಪೂರ್ತಿ ಒಂಬತ್ತು ಗಜ’ ಅಂತ ಬರೆದಿದೆ. 1912ರಲ್ಲಿ ಕೆಂಟಕಿಯ ಪೇಪರು ‘ಪೂರ್ತಿ ಆರು ಗಜ’ ಅಂದಿದೆ. ಸಂಖ್ಯೆಯೇ ಬದಲಾಗುತ್ತಿತ್ತು ಅಂದರೆ ಯಾವುದೋ ಒಂದು ವಸ್ತುವಿನ ಅಳತೆ ಆಗಿರುವುದು ಕಷ್ಟ. ವಿಮಾನದ ಬಂದೂಕಿನ ಗುಂಡಿನ ಪಟ್ಟಿ 27 ಅಡಿ ಇತ್ತು, ಮಾತು ಅದರಿಂದ ಬಂತು ಅನ್ನುವ ಕಥೆಯೂ ಇದರಿಂದಲೇ ಬಿದ್ದುಹೋಗುತ್ತದೆ. ಆ ಕಥೆ ಎರಡನೇ ಮಹಾಯುದ್ಧದ್ದು, ಮಾತು ಅದಕ್ಕಿಂತ ಹಳೆಯದು.

ಕುಡ್ಲದ ನರ್ಸ್, ಬರ್ಮಿಂಗ್‌ಹ್ಯಾಮ್

ಮೇಷ್ಟ್ರು ಆರ್ಗನ್ ವಿಷಯ ಬರೆದದ್ದು ಓದಿ ಖುಷಿ ಆಯಿತು ಮಾರಾಯ್ರೇ. ನನ್ನದು ಮಂಗಳೂರು. ಊರಿನಲ್ಲಿ ಚರ್ಚಿನ ಕ್ವಾಯರಿನಲ್ಲಿ ಹಾಡುತ್ತಿದ್ದೆ. ಈಗ ಇಲ್ಲಿ ಆಸ್ಪತ್ರೆ ಕೆಲಸ. ಬರ್ಮಿಂಗ್‌ಹ್ಯಾಮಿನ ಟೌನ್ ಹಾಲಿನಲ್ಲಿ 1834ರ ಒಂದು ಆರ್ಗನ್ ಉಂಟು. ಅದರ ಅತಿ ಉದ್ದದ ಕೊಳವೆಗಳು 32 ಅಡಿಯವು. ಜರ್ಮನಿಯ ದೊಡ್ಡ ಸಂಗೀತಗಾರ ಮೆಂಡೆಲ್ಸನ್ ಬಂದು ಅದನ್ನು ನುಡಿಸಿದ್ದಾರೆ.

ಸ್ಟಾಪಿನ ಗುಂಡಿಗಳ ಮುಖದ ಮೇಲೆ ದನಿಯ ಹೆಸರು ಮತ್ತು ಒಂದು ಅಂಕಿ ಬರೆದಿರುತ್ತದೆ. 8 ಅಂದರೆ ಒತ್ತಿದ ಸ್ವರವೇ ಕೇಳುತ್ತದೆ. 16 ಅಂದರೆ ಒಂದು ಸ್ಥಾಯಿ ಕೆಳಗೆ. 4 ಅಂದರೆ ಒಂದು ಸ್ಥಾಯಿ ಮೇಲೆ. ಅವು ಕೊಳವೆಯ ಅಡಿ ಲೆಕ್ಕ. ಎಲ್ಲ ಎಳೆದಾಗ ಒಂದೇ ಬೆರಳಿಗೆ ಅಷ್ಟೂ ಸ್ಥಾಯಿ ಒಟ್ಟಿಗೆ ಹೊರಡುತ್ತದೆ. ತಗ್ಗಿನ ಸ್ವರ ಕಿವಿಗಿಂತ ಮೊದಲು ಕೂತ ಬೆಂಚಿಗೆ ಗೊತ್ತಾಗುತ್ತದೆ, ತೊಡೆಯಲ್ಲಿ ಗುಂಯ್ ಅನ್ನುತ್ತದೆ. ಮಕ್ಕಳಿಗೆ ಯಾವುದಾದರೂ ವಿಡಿಯೋ ತೋರಿಸುವುದಾದರೆ ಫೋನಿನ ಸ್ಪೀಕರಿನಲ್ಲಿ ಬೇಡ, ಶಾಲೆಯ ದೊಡ್ಡ ಸ್ಪೀಕರಿಗೆ ಹಾಕಿ.

ನಾನು ಹೇಳಲಿಕ್ಕೆ ಬಂದದ್ದು ‘ಎಕ್ಸ್‌ಟ್ರಾ ಮೈಲ್’ ಬಗ್ಗೆ. ಇದು ಬೈಬಲಿನ ಮಾತು, ಮತ್ತಾಯನ ಸುವಾರ್ತೆ 5ನೇ ಅಧ್ಯಾಯ, 41ನೇ ವಚನ. ಆಗ ಆ ಸೀಮೆಯಲ್ಲಿ ರೋಮನರ ಆಳ್ವಿಕೆ. ಅವರ ಸಿಪಾಯಿಗಳು ದಾರಿಯಲ್ಲಿ ಹೋಗುವವರನ್ನು ಹಿಡಿದು ಹೊರೆ ಹೊರಿಸುತ್ತಿದ್ದರು. ನಮ್ಮಲ್ಲಿ ಹಿಂದೆ ಬಿಟ್ಟಿ ಹಿಡಿಯುವುದು ಅಂತ ಇತ್ತಲ್ಲ, ಅದೇ. ಯೇಸುವಿನ ಶಿಲುಬೆಯನ್ನು ಕುರೇನೆ ಊರಿನ ಸೀಮೋನ ಅನ್ನುವವನಿಂದ ಹೊರಿಸಿದ್ದೂ ಹಾಗೇ, ಗ್ರೀಕ್ ಮೂಲದಲ್ಲಿ ಎರಡೂ ಕಡೆ ಒಂದೇ ಕ್ರಿಯಾಪದ. ಒಂದು ಮೈಲಿ ಹೊರು ಅಂತ ಬಲವಂತ ಮಾಡಿದರೆ ಎರಡು ಮೈಲಿ ಹೋಗು ಅನ್ನುತ್ತಾನೆ ಯೇಸು. ಮೊದಲನೆಯ ಮೈಲಿ ಬಿಟ್ಟಿ. ಎರಡನೆಯದು ನಿನ್ನ ಮನಸ್ಸಿನಿಂದ.

ಅದಕ್ಕೇ ಈ ಮಾತಿನಲ್ಲಿ ಬಲ ಎಷ್ಟು ಹಾಕಿದೆ ಅನ್ನುವುದು ಮುಖ್ಯ ಅಲ್ಲ. ನಿನ್ನ ಕೆಲಸ ಮುಗಿದಿತ್ತು, ಆದರೂ ಮಾಡಿದೆ, ಅದು ಮುಖ್ಯ. ನಮ್ಮ ವಾರ್ಡಿನಲ್ಲಿ ಒಬ್ಬರು ಅಜ್ಜಿ ಇದ್ದರು. ಕಿವಿ ಕೇಳಲಿಕ್ಕೆ ಹಾಕುವ ಮೆಷಿನ್ನಿನ ಬ್ಯಾಟರಿ ಮುಗಿದಿತ್ತು. ಬೆಳಿಗ್ಗೆ ಡಾಕ್ಟರು ಬಂದು ಆಪರೇಷನ್ ಬಗ್ಗೆ ಮಾತಾಡುವವರಿದ್ದರು, ಅಜ್ಜಿಗೆ ಒಂದಕ್ಷರ ಕೇಳುತ್ತಿರಲಿಲ್ಲ. ನನ್ನ ಜೊತೆಯವಳು ಡ್ಯೂಟಿ ಮುಗಿಸಿ, ಕೋಟು ಹಾಕಿಕೊಂಡವಳು, ಬಸ್ಸಿಗೆ ಹೋಗುವ ಬದಲು ಮಳೆಯಲ್ಲಿ ಅಂಗಡಿ ಹುಡುಕಿಕೊಂಡು ಹೋಗಿ ಆ ಸಣ್ಣ ಬ್ಯಾಟರಿ ತಂದು ಕಿವಿಗೆ ಹಾಕಿಕೊಟ್ಟು ಹೋದಳು. ಅಜ್ಜಿಯ ಮಗಳು ಆಮೇಲೆ ಕಳಿಸಿದ ಕಾರ್ಡಿನಲ್ಲಿ ಈ ಎಕ್ಸ್‌ಟ್ರಾ ಮೈಲ್ ಮಾತೇ ಇತ್ತು. ಅಲ್ಲಿ ‘ಮೂವ್ ಹೆವನ್ ಅಂಡ್ ಅರ್ತ್’ ಅಂತ ಬರೆದಿದ್ದರೆ ಸರಿಯಾಗುತ್ತಿರಲಿಲ್ಲ.

ಇನ್ನೊಂದು ಉಂಟು, ‘ಬೆಂಡ್ ಓವರ್ ಬ್ಯಾಕ್‌ವರ್ಡ್ಸ್’. ಇನ್ನೊಬ್ಬರ ಅನುಕೂಲಕ್ಕೆ ತಾನು ಬಗ್ಗಿ ಬಳುಕಿ ಮಾಡುವುದು. ಇಲ್ಲಿ ನಾನು ಕೇಳಿದ ಮಟ್ಟಿಗೆ ಅದರ ಹಿಂದೆಯೇ ಒಂದು ಬೇಜಾರು ಬರುತ್ತದೆ. ಅವರಿಗೋಸ್ಕರ ಇಷ್ಟೆಲ್ಲ ಮಾಡಿದೆವು, ಆದರೂ ಅವರಿಗೆ ಸಮಾಧಾನ ಇಲ್ಲ ಅಂತ. ನಿಮ್ಮ ಮಕ್ಕಳು ತಮ್ಮ ಬಗ್ಗೆಯೇ ಇದನ್ನು ಹೇಳಿಕೊಂಡರೆ ಗೊಣಗಿದ ಹಾಗೆ ಕೇಳುತ್ತದೆ.

ಜಯನಗರ ಟು ಲಾಸ್ ಏಂಜಲೀಸ್

‘ಗೋ ಫಾರ್ ಬ್ರೋಕ್’ ಬಗ್ಗೆ ಯಾರೂ ಬರೆದಿಲ್ಲವಲ್ಲ, ನಾನು ಬರೆಯುತ್ತೇನೆ. ಇಲ್ಲಿನ ಜಪಾನಿಯರ ಬಡಾವಣೆ ಲಿಟಲ್ ಟೋಕಿಯೋದಲ್ಲಿ ಈ ಮಾತಿನದ್ದೇ ಹೆಸರಿನ ಸ್ಮಾರಕ ಇದೆ. ಕಪ್ಪು ಗ್ರಾನೈಟ್ ಕಲ್ಲು, ಇಳಿಜಾರಿಗೆ ನಿಲ್ಲಿಸಿದ್ದಾರೆ. 1999ರಲ್ಲಿ ಉದ್ಘಾಟನೆ ಆಯಿತು. 16 ಸಾವಿರಕ್ಕೂ ಹೆಚ್ಚು ಸೈನಿಕರ ಹೆಸರು ಕೆತ್ತಿದ್ದಾರೆ. ಹೆಚ್ಚಿನವು ಜಪಾನಿ ಹೆಸರುಗಳೇ.

ಇದು ಹವಾಯಿಯ ಜೂಜಿನ ಮಾತು. ದಾಳ ಉರುಳಿಸುವಾಗ ಜೇಬಿನಲ್ಲಿ ಇದ್ದುದನ್ನೆಲ್ಲ ಒಂದೇ ಬಾರಿಗೆ ಒಡ್ಡುವುದು. ಬಂದರೆ ಬಂತು, ಹೋದರೆ ಬರಿಗೈ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ 442ನೇ ರೆಜಿಮೆಂಟ್ ಇದನ್ನು ತನ್ನ ಘೋಷಣೆ ಮಾಡಿಕೊಂಡಿತು. ಜಪಾನಿ ಮೂಲದ ಅಮೆರಿಕನ್ ಹುಡುಗರ ಪಡೆ ಅದು. ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬು ಹಾಕಿದ ಮೇಲೆ, 1942ರಲ್ಲಿ ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನಿ ಮೂಲದವರನ್ನು ಮನೆ ಮಠ ಬಿಡಿಸಿ ಮುಳ್ಳುತಂತಿಯ ಕ್ಯಾಂಪುಗಳಿಗೆ ತುಂಬಿದರು. ಹೆಚ್ಚಿನವರು ಅಮೆರಿಕದ ಪ್ರಜೆಗಳೇ. ಅಪ್ಪ ಅಮ್ಮ ಕ್ಯಾಂಪಿನಲ್ಲಿ ಇರುವಾಗಲೇ ಎಷ್ಟೋ ಮಕ್ಕಳು ಅದೇ ದೇಶದ ಯೂನಿಫಾರಂ ಹಾಕಿ ಯುರೋಪಿಗೆ ಹೋದರು. 1944ರ ಅಕ್ಟೋಬರಿನಲ್ಲಿ ಫ್ರಾನ್ಸಿನ ವೋಜ್ ಬೆಟ್ಟದಲ್ಲಿ ಜರ್ಮನರ ನಡುವೆ ಸಿಕ್ಕಿಬಿದ್ದಿದ್ದ ಟೆಕ್ಸಾಸ್ ಪಡೆಯ 211 ಸೈನಿಕರನ್ನು ಇವರು ಬಿಡಿಸಿಕೊಂಡು ಬಂದರು. ಅದಕ್ಕೆ ಸತ್ತವರು, ಗಾಯಗೊಂಡವರು ಸೇರಿ ಸುಮಾರು 800 ಜನ.

ಆ ಕಲ್ಲಿನ ಮುಂದೆ ನಿಂತು ಹೆಸರು ಓದಿದ ಮೇಲೆ, ಆಫೀಸಿನ ಮೀಟಿಂಗಿನಲ್ಲಿ ಈ ತಿಂಗಳ ಟಾರ್ಗೆಟ್ಟಿಗೆ ಯಾರಾದರೂ ಈ ಮಾತು ಹೇಳಿದರೆ ನನಗೆ ಸಹಿಸುವುದಕ್ಕೆ ಆಗುವುದಿಲ್ಲ. ಕನ್ನಡದಲ್ಲಿ ಇದಕ್ಕೆ ‘ಪಣಕ್ಕಿಡು’ ಇದೆ. ಅದೂ ದಾಳದ ಆಟದಿಂದಲೇ ಬಂದದ್ದು. ಮೇಷ್ಟ್ರು ಕುರುಕ್ಷೇತ್ರ ಅಂದರಲ್ಲ, ಧರ್ಮರಾಯ ಮಾಡಿದ್ದು ಅಕ್ಷರಶಃ ಇದನ್ನೇ. ಪ್ರಾಣ ಪಣಕ್ಕಿಟ್ಟು ಅಂತ ನಾವು ಹೇಳುವುದು ಎಷ್ಟು ಹತ್ತಿರ ಇದೆ ನೋಡಿ.

ಗುಬ್ಬಿ ಟೀಚರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರೇ, ನಮ್ಮ ಊರಿನ ನಾಟಕದವರ ಲೆಗ್ ಹಾರ್ಮೋನಿಯಂ ದೇವಸ್ಥಾನದ ಪಕ್ಕದ ಕೋಣೆಯಲ್ಲೇ ಇದೆ. ಸೋಮವಾರ ಮಕ್ಕಳನ್ನು ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ. ಒಬ್ಬೊಬ್ಬರೂ ಗುಂಡಿ ಎಳೆದು ನೋಡಲಿ.

ನರ್ಸಮ್ಮ, ಆ ಬ್ಯಾಟರಿಯ ವಿಷಯವನ್ನು ಕ್ಲಾಸಿನಲ್ಲಿ ಹೇಳುತ್ತೇನೆ. ಲಾಸ್ ಏಂಜಲೀಸಿನ ಅಣ್ಣ ಬರೆದದ್ದನ್ನು ಸಮಾಜ ವಿಜ್ಞಾನದ ಟೀಚರಿಗೂ ಕಳಿಸಿದೆ. ಎರಡನೇ ಮಹಾಯುದ್ಧದ ಪಾಠ ಅವರದ್ದೇ.

ಇನ್ನು ಎರಡು ಪ್ರಶ್ನೆ ಉಳಿದಿವೆ. ಎಸ್ಸೆಸ್ಸೆಲ್ಸಿಗೆ ವರ್ಷವಿಡೀ ಓದುತ್ತಾರಲ್ಲ, ಅದಕ್ಕೆ ಯಾವುದು ಸರಿ? ಮಿಡ್‌ನೈಟ್ ಆಯಿಲ್ ಹೇಳೋಣ ಅಂದರೆ ನಮ್ಮ ಮಕ್ಕಳು ರಾತ್ರಿ ಓದುವುದು ಕಡಿಮೆ. ಬೆಳಿಗ್ಗೆ ಎದ್ದು ಹಾಲು ಕರೆದು ಡೇರಿಗೆ ಹಾಕಿ ಬಂದು ಓದುತ್ತಾರೆ. ಎರಡನೆಯದು, ಒಬ್ಬ ಹುಡುಗ ‘ಐ ವಿಲ್ ಪಾಸ್ ಬೈ ಹುಕ್ ಆರ್ ಬೈ ಕ್ರುಕ್’ ಅಂತ ಚೆಂದವಾಗಿ ಬರೆದು ತಂದಿದ್ದಾನೆ. ಗೈಡಿನಲ್ಲಿ ಅದೂ ಇದೇ ಪಟ್ಟಿಯಲ್ಲಿ ಇದೆ.

ತಿಪಟೂರು ಮೇಷ್ಟ್ರು

ಟೀಚರಮ್ಮಾ, ಹಾರ್ಮೋನಿಯಂ ಹತ್ತಿರ ಹೋದಾಗ ಮೊದಲು ಎಲ್ಲಾ ಗುಂಡಿ ಒಳಗೆ ತಳ್ಳಿ, ತಿದಿ ತುಳಿದು, ಒಂದು ಮನೆ, ಅಂದರೆ ಕೀ, ಒತ್ತಲು ಹೇಳಿ. ಸ್ವರ ಬರುವುದಿಲ್ಲ. ಬೆರಳು ತೆಗೆಯದೆ ಒಂದೊಂದೇ ಗುಂಡಿ ಎಳೆಯಲಿ. ದನಿ ಹೇಗೆ ಸೇರುತ್ತಾ ಹೋಗುತ್ತದೆ ಅಂತ ಅವರ ಕಿವಿಗೇ ತಿಳಿಯುತ್ತದೆ. ಇಲಿ ಕಡಿದ ತಿದಿಯಾದರೆ ಗಾಳಿ ನಿಲ್ಲುವುದಿಲ್ಲ, ಮೊದಲೇ ಒಮ್ಮೆ ನೋಡಿಕೊಳ್ಳಿ.

ವರ್ಷವಿಡೀ ಓದುವುದಕ್ಕೆ ‘ಕೀಪ್ ಯುವರ್ ನೋಸ್ ಟು ದ ಗ್ರೈಂಡ್‌ಸ್ಟೋನ್’ ಇದೆ. ಸಾಣೆಕಲ್ಲಿಗೆ ಮೂಗು ತಾಗುವಷ್ಟು ಬಗ್ಗಿ ಕೆಲಸ ಮಾಡುವುದು. 16ನೇ ಶತಮಾನದಲ್ಲಿ ಇದು ಇನ್ನೊಬ್ಬರ ಮೂಗನ್ನು ಕಲ್ಲಿಗೆ ಒತ್ತಿ ಹಿಡಿಯುವ, ಹಿಂಸೆ ಕೊಡುವ ಮಾತಾಗಿತ್ತು. ಆಮೇಲೆ ತಾನೇ ಬಗ್ಗಿ ದುಡಿಯುವುದಕ್ಕೆ ಬಂತು. ಅದರಲ್ಲಿ ಬೇಸರದ ಛಾಯೆ ಇದ್ದೇ ಇದೆ. ಹಾಲು ಕರೆದು ಬಂದು ಓದುವ ಮಕ್ಕಳ ಬಗ್ಗೆ ಹೇಳಬೇಕಾದರೆ ನನಗೆ ಯಾವ ನುಡಿಗಟ್ಟೂ ಬೇಡ ಅನ್ನಿಸುತ್ತದೆ. ‘ದೇ ವರ್ಕ್ ಹಾರ್ಡ್’ ಅಂತ ಬರೆಯಿರಿ. ಅದು ಒಳ್ಳೆಯ ಇಂಗ್ಲಿಷ್. ಹಾಲು ಕರೆದ ವಿಷಯವನ್ನೂ ಸೇರಿಸಿ ಬರೆದರೆ ಇನ್ನೂ ಒಳ್ಳೆಯದು.

‘ಹುಕ್ ಆರ್ ಕ್ರುಕ್’ ಅನ್ನು ಆ ಪಟ್ಟಿಯಿಂದ ಅಳಿಸಿಬಿಡಿ. 14ನೇ ಶತಮಾನದಿಂದಲೂ ಇಂಗ್ಲಿಷಿನಲ್ಲಿ ಇರುವ ಮಾತು ಅದು. ಅರ್ಥ ಏನಪ್ಪಾ ಅಂದರೆ ನೇರ ದಾರಿಯೋ ಅಡ್ಡ ದಾರಿಯೋ, ಅಂತೂ ಪಡೆದೇ ತೀರುತ್ತೇನೆ ಅಂತ. ನಮ್ಮ ಏನಕೇನ ಪ್ರಕಾರೇಣ. ಪರೀಕ್ಷೆ ವಿಷಯದಲ್ಲಿ ಹಾಗೆ ಬರೆದರೆ ಕಾಪಿ ಹೊಡೆದಾದರೂ ಸರಿ ಅಂತ ಓದುವವರು ತಿಳಿಯುತ್ತಾರೆ. ಹುಡುಗನಿಗೆ ಬೈಯಬೇಡಿ, ವಾಕ್ಯ ಚೆನ್ನಾಗಿ ಕಟ್ಟಿದ್ದಾನೆ. ‘ಐ ವಿಲ್ ಡೂ ಮೈ ಬೆಸ್ಟ್ ಟು ಪಾಸ್’ ಅಂತ ತಿದ್ದಿಕೊಡಿ, ಯಾಕೆ ತಿದ್ದಿದ್ದು ಅಂತ ಅವನಿಗೆ ಬಿಡಿಸಿ ಹೇಳಿ.